ರೆಕ್ಕೆ ಕಡಿದ ದೇವದೂತ, ಕೈ ಕಡಿಸಿಕೊಂಡ ಕಲ್ಕುಡ

ಇವತ್ತು ಮೊದಲು ಒಂದು ಇಂಗ್ಲಿಷ್ ಕಾದಂಬರಿ, ಆಮೇಲೆ ನಮ್ಮೂರು.

ಸೂಸನ್ ಈ ಎಂಬ ಲೇಖಕಿ 2011ರಲ್ಲಿ ‘ಏಂಜಲ್‌ಫಾಲ್’ ಅಂತ ಒಂದು ಕಾದಂಬರಿ ಬರೆದರು. ನಿಮ್ಮಲ್ಲಿ ಕೆಲವರು ಫೋನಿನಲ್ಲೇ ಓದಿರಬಹುದು. ಆಕಾಶದಿಂದ ದೇವದೂತರು ಇಳಿದು ಬರ್ತಾರೆ, ಆದರೆ ಕಾಪಾಡೋದಕ್ಕಲ್ಲ. ನಗರಗಳನ್ನೇ ಹಾಳು ಮಾಡ್ತಾರೆ. ಪೆನ್‌ರಿನ್ ಎಂಬ ಹುಡುಗಿಯ ತಂಗಿಯನ್ನು ಹೊತ್ತುಕೊಂಡು ಹೋಗ್ತಾರೆ. ತಂಗಿಯನ್ನು ಹುಡುಕಲು ಅವಳು ಶತ್ರುಪಾಳಯದವನೊಬ್ಬನ ಜೊತೆ ಹೊರಡಬೇಕಾಗುತ್ತೆ. ಅವನೂ ದೇವದೂತನೇ, ಆದರೆ ಅವನ ರೆಕ್ಕೆಗಳನ್ನು ಅವನ ಕುಲದವರೇ ಕಡಿದಿದ್ದಾರೆ.

ಅಂಗ ಕಡಿಸಿಕೊಂಡ ಒಬ್ಬ, ಒಡಹುಟ್ಟಿದವರಿಗಾಗಿ ಹೊರಟ ಒಬ್ಬಳು, ಹೊತ್ತಿ ಉರಿಯುವ ಊರು. ಓದುವಾಗ ನನಗೆ ಅನಿಸಿದ್ದು ಇಷ್ಟೇ: ಇದು ನಮ್ಮ ಕಲ್ಕುಡ-ಕಲ್ಲುರ್ಟಿ ಅಲ್ವಾ ಮಾರಾಯ್ರೆ!

ನಾನು ನರಿಕೊಂಬಿನವನು. ಬಂಟ್ವಾಳ ತಾಲೂಕು, ನೇತ್ರಾವತಿ ದಂಡೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಸಜಿಪಮೂಡ ಗ್ರಾಮದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಯ ಕ್ಷೇತ್ರ ಉಂಟು. ಚಿನ್ನ ಕಳೆದುಹೋಯ್ತಾ, ಯಾರಾದರೂ ಅನ್ಯಾಯ ಮಾಡಿದರಾ, ಪಣೋಲಿಬೈಲಿಗೆ ಒಂದು ಅಗೇಲು ಹೇಳಿಕೊಳ್ಳುವುದು ನಮ್ಮ ಕಡೆ ವಾಡಿಕೆ. ಪೊಲೀಸ್ ಸ್ಟೇಷನ್ನಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗುವವರೂ ಇದ್ದಾರೆ. ಅನ್ಯಾಯ ಅಂದ ಕೂಡಲೇ ಕಲ್ಲುರ್ಟಿಯ ಹೆಸರು ಯಾಕೆ ಬರುತ್ತೆ? ಉತ್ತರ ಪಾಡ್ದನದಲ್ಲಿದೆ.

ಪಾಡ್ದನ ಅಂದರೆ ತುಳುವಿನ ಕಥನ ಹಾಡು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ, ಕೋಲದ ಕಳದಲ್ಲಿ ಉಳಿದು ಬಂದದ್ದು. ಹಾಡುವವರು ಬದಲಾದಂತೆ ಕತೆಯೂ ಅಷ್ಟಿಷ್ಟು ಬದಲಾಗುತ್ತೆ. ಎಲುಬು ಮಾತ್ರ ಒಂದೇ. ಶಂಭು ಕಲ್ಕುಡ ಎಂಬ ಶಿಲ್ಪಿ ಬೆಳ್ಗೊಳಕ್ಕೆ ಕೆಲಸಕ್ಕೆ ಹೋಗ್ತಾನೆ. ಅವನು ಹೋದ ಮೇಲೆ ಹುಟ್ಟಿದ ಮಗ ಬೀರ ಕಲ್ಕುಡ ಬೆಳೆದು ಅಪ್ಪನನ್ನು ಹುಡುಕಿಕೊಂಡು ಹೋಗಿ, ಅಪ್ಪನ ಕೆಲಸದಲ್ಲೇ ದೋಷ ತೋರಿಸ್ತಾನೆ. ಅಪ್ಪ ಅವಮಾನ ತಾಳದೆ ಪ್ರಾಣ ಬಿಡ್ತಾನೆ. ಮಗ ಕಾರ್ಕಳಕ್ಕೆ ಬಂದು ಭೈರರಸನಿಗೆ ಗೊಮ್ಮಟನನ್ನು ಕೆತ್ತಿಕೊಡ್ತಾನೆ. ಸಂಬಳವಾಗಿ ಸಿಕ್ಕಿದ್ದೇನು? ಇಂಥದ್ದು ಇನ್ನೊಂದು ಊರಿನಲ್ಲಿ ಏಳಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿಬಿಡ್ತಾನೆ.

ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲಿ ವೇಣೂರಿಗೆ ಹೋಗ್ತಾನೆ. ಅಲ್ಲಿ ಇನ್ನೊಂದು ಗೊಮ್ಮಟನನ್ನು ಕೆತ್ತುತ್ತಾನೆ! ತಂಗಿ ಹುಡುಕಿಕೊಂಡು ಬಂದು ಅಣ್ಣನ ಸ್ಥಿತಿ ನೋಡ್ತಾಳೆ. ಇಬ್ಬರೂ ಕಾಯ ಬಿಟ್ಟು ಮಾಯ ಸೇರುತ್ತಾರೆ, ಕಲ್ಕುಡ-ಕಲ್ಲುರ್ಟಿ ದೈವಗಳಾಗುತ್ತಾರೆ. ಆಮೇಲೆ ಕಾರ್ಕಳಕ್ಕೆ ಬೆಂಕಿ.

ಈಗ ಇತಿಹಾಸದ ಲೆಕ್ಕ ಹಾಕೋಣ. ಕಾರ್ಕಳದ ಸುಮಾರು 42 ಅಡಿಯ ಮೂರ್ತಿಯನ್ನು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು 1432ರಲ್ಲಿ. ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ. ನಡುವೆ 172 ವರ್ಷ. ಅಪ್ಪನ ಬೆಳ್ಗೊಳವನ್ನೂ ಸೇರಿಸಿದರೆ, ಚಾವುಂಡರಾಯನ ಗೊಮ್ಮಟ 981ರ ಸುಮಾರಿನದ್ದು. ಅಂದರೆ ಆರುನೂರು ವರ್ಷಗಳ ಕೆಲಸವನ್ನು ಪಾಡ್ದನ ಒಂದೇ ಮನೆಯ ಅಪ್ಪ-ಮಗನ ತಲೆಗೆ ಕಟ್ಟಿದೆ. ವೀರಪಾಂಡ್ಯ ಯಾರದ್ದಾದರೂ ಕೈ ಕಡಿಸಿದ ಅನ್ನೋದಕ್ಕೆ ಶಾಸನದ ಆಧಾರವೂ ಇಲ್ಲ. ಇಂಥದ್ದೇ ಕತೆ ತಾಜ್‌ಮಹಲಿನ ಕೆಲಸಗಾರರ ಬಗ್ಗೆಯೂ ಉಂಟು, ಅದಕ್ಕೂ ಆಧಾರವಿಲ್ಲ.

ಹಾಗಾದರೆ ಸುಳ್ಳು ಅಂತ ಬದಿಗಿಡೋಣವಾ? ನನಗೆ ಹಾಗನಿಸುವುದಿಲ್ಲ. ಬೆಳ್ಗೊಳದ ಗೊಮ್ಮಟನ ಕಾಲಬುಡದ ಬರಹದಲ್ಲಿ ಚಾವುಂಡರಾಯನ ಹೆಸರಿನ ಜೊತೆ ಇರುವ ಕ್ರಿಯಾಪದ ‘ಮಾಡಿಸಿದಂ’. ಮಾಡಿದವನಲ್ಲ, ಮಾಡಿಸಿದವನು. ಕಾರ್ಕಳ, ವೇಣೂರಿನ ಶಾಸನಗಳೂ ಅರಸನನ್ನು, ಅವನಿಗೆ ಪ್ರೇರಣೆ ಕೊಟ್ಟ ಗುರುವನ್ನು ಹೆಸರಿಸುತ್ತವೆ. ಉಳಿ ಹಿಡಿದವನಿಗೆ ಒಂದು ಹೆಸರು, ಒಂದು ತಂಗಿ, ಒಂದು ಸಿಟ್ಟು ಕೊಟ್ಟದ್ದು ಗದ್ದೆಯಲ್ಲಿ ಬಗ್ಗಿ ನಿಂತವರ ಹಾಡು.

ಘಟ್ಟದ ಮೇಲಿನವರಿಗೆ ಇದನ್ನು ಕೇಳುವಾಗ ಜಕಣಾಚಾರಿ ನೆನಪಾಗಿರ್ತಾನೆ. ಬೇಲೂರಿನಲ್ಲಿ ಮಗ ಡಂಕಣ ವಿಗ್ರಹದ ಹೊಟ್ಟೆಯಲ್ಲಿ ಕಪ್ಪೆ ತೋರಿಸ್ತಾನೆ, ಅಪ್ಪ ತನ್ನ ಬಲಗೈಯನ್ನು ತಾನೇ ಕಡಿದುಕೊಳ್ತಾನೆ. ಆಮೇಲೆ ತುಮಕೂರು ಹತ್ತಿರದ ಕೈದಾಳದಲ್ಲಿ ಚೆನ್ನಕೇಶವ ಅವನ ಕೈ ವಾಪಸ್ ಕೊಡ್ತಾನೆ. ಸುಖಾಂತ. ನಮ್ಮ ಕಡೆ ಕಲ್ಕುಡನಿಗೆ ಕೈ ವಾಪಸ್ ಸಿಗೋದಿಲ್ಲ. ಕಡಿದವನು ಅರಸ, ಆದ್ದರಿಂದ ದೇವರ ಕರುಣೆಯಿಂದ ಮುಗಿಯುವ ವಿಷಯ ಅದಲ್ಲ. ನನಗೆ ಕೇಳಿದರೆ ಎರಡರಲ್ಲಿ ನಮ್ಮದೇ ಹೆಚ್ಚು ಪ್ರಾಮಾಣಿಕ ಕತೆ. ತುಮಕೂರಿನವರು ಬೇಜಾರು ಮಾಡಬೇಡಿ.

‘ಏಂಜಲ್‌ಫಾಲ್’ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೂ ಇಲ್ಲೇ. ಅಲ್ಲಿ ರೆಕ್ಕೆಯವರು ಹೊರಗಿಂದ ಬಂದವರು, ಮನುಷ್ಯರಿಗೂ ಅವರಿಗೂ ಯುದ್ಧ. ತುಳುನಾಡಿನ ಎಲ್ಲ ದೈವಗಳೂ ಮನುಷ್ಯರಾಗಿದ್ದವರಲ್ಲ. ಪಂಜುರ್ಲಿ ಹಂದಿಯ ರೂಪದ್ದು. ಆದರೆ ಕಲ್ಕುಡ-ಕಲ್ಲುರ್ಟಿ, ಕೋಟಿ-ಚೆನ್ನಯ, ಕೊರಗ ತನಿಯ ಇವರೆಲ್ಲ ನಮ್ಮ ನಿಮ್ಮ ಹಾಗೆ ಹುಟ್ಟಿದವರು, ದುಡಿದವರು. ಬದುಕಿದ್ದಾಗ ಅರಸನೆದುರು ಸೋತವರು ಸತ್ತ ಮೇಲೆ ಅವನ ಮೇಲೆ ಯುದ್ಧಕ್ಕೆ ಬರ್ತಾರೆ.

ಇದನ್ನು ಬರೆದಿಟ್ಟವರಿಗೆ ಹೇಗೆ ಕಂಡಿತು ನೋಡಿ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಆ ಮಿಷನ್ನಿನ ಮ್ಯಾನರ್ 1886ರಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ್ದು ಅವರು ತೀರಿಹೋದ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬಂತು. ಶೀರ್ಷಿಕೆ: ‘ಡೆವಿಲ್ ವರ್ಷಿಪ್ ಆಫ್ ದ ತುಳುವಾಸ್’. ದೈವ ಹೋಗಿ ಡೆವಿಲ್ ಆಯ್ತು! ದೇವದೂತ ಒಳ್ಳೆಯವನು, ಡೆವಿಲ್ ಕೆಟ್ಟವನು ಅನ್ನುವ ಎರಡೇ ಖಾನೆಯಲ್ಲಿ ಕಲ್ಲುರ್ಟಿಯನ್ನು ಎಲ್ಲಿಡ್ತೀರಿ? ಊರು ಸುಟ್ಟವಳೂ ಅವಳೇ, ನ್ಯಾಯ ಕೇಳಲು ಜನ ಹೋಗುವುದೂ ಅವಳ ಬಳಿಗೇ. ಹಾಗಿದ್ದರೂ ಆ ಇಬ್ಬರು ಬರೆದಿಡದೇ ಇದ್ದರೆ ಹಳೆಯ ಪಾಠಗಳು ನಮಗೆ ಸಿಗುತ್ತಿರಲಿಲ್ಲ. ಅದನ್ನೂ ಹೇಳಲೇಬೇಕು.

ಯುದ್ಧ ಮುಗಿಯುವುದು ಹೇಗೆ? ಯಾರೂ ಸಾಯುವುದಿಲ್ಲ, ಒಪ್ಪಂದ ಆಗುತ್ತೆ. ದೈವಕ್ಕೆ ಸ್ಥಾನ ಕೊಡಬೇಕು, ಕೋಲ ಕೊಡಬೇಕು. ಆ ರಾತ್ರಿ ಗುತ್ತಿನ ಯಜಮಾನ ಕೈಮುಗಿದು ನಿಲ್ಲಬೇಕು, ದೈವ ನುಡಿ ಕೊಡುತ್ತೆ. ದೈವ ಕಟ್ಟುವವರು ಪಂಬದ, ನಲಿಕೆ, ಪರವ ಸಮುದಾಯದವರು. ಬಣ್ಣ ತೊಳೆದ ಮೇಲೆ ಅದೇ ಯಜಮಾನರ ಅಂಗಳದಾಚೆ ನಿಲ್ಲಬೇಕಾಗಿದ್ದವರು. ಕೋಲವೇ ಸಮಾನತೆ ಅಂತ ಯಾರಾದರೂ ರೀಲ್ಸ್‌ನಲ್ಲಿ ಹೇಳಿದರೆ ಮರುದಿನ ಬೆಳಿಗ್ಗೆಯ ಬಗ್ಗೆಯೂ ಕೇಳಿ.

‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಬಂತು. ಮರು ತಿಂಗಳು ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಕಲ್ಕುಡನ ಕತೆಯಲ್ಲಿ ಕೆಲಸ ಮಾಡಿದವನಿಗೆ ಸಿಕ್ಕಿದ್ದೇನು ಅಂತ ಈಗಷ್ಟೇ ಕೇಳಿದಿರಲ್ಲ, ಅದಕ್ಕೇ ಈ ಮೊತ್ತವನ್ನು ಹೇಳಿದೆ.

ನೇಜಿ ನೆಡುವಾಗ ಪಾಡ್ದನ ಹೇಳ್ತಿದ್ದ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಕಲ್ಲುರ್ಟಿ ಕಾರ್ಕಳದಲ್ಲಿ ಏನೇನು ಮಾಡಿದಳು ಅಂತ ಕೇಳಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾನು ಹೇಳಿದ್ದಕ್ಕಿಂತ ಬೇರೆಯೇ ಪಾಠ ಸಿಕ್ಕಿದರೆ ನಮಗೂ ತಿಳಿಸಿ.