ದೇಶದ ಹೆಸರಾದ ಹಡಗುದಾರಿ

ನಾರ್ವೆಯವರು ತಮ್ಮ ದೇಶದ ಹೆಸರನ್ನು ಎರಡು ಬಗೆಯಲ್ಲಿ ಬರೆಯುತ್ತಾರೆ: ಬುಕ್ಮೋಲ್ ಬರಹದಲ್ಲಿ ‘ನೊರ್ಗೆ’, ನೀನೊರ್ಸ್ಕ್ ಬರಹದಲ್ಲಿ ‘ನೋರೆಗ್’. ಎರಡರ ಕೊನೆಯಲ್ಲೂ ಸವೆದು ಉಳಿದಿರುವುದು ಹಳೆಯ ನೋರ್ಸ್ ನುಡಿಯ ‘ವೆಗ್ರ್’, ಅಂದರೆ ದಾರಿ. ಮೊದಲರ್ಧವನ್ನು ಬಹುಕಾಲದಿಂದ ‘ನೊರ್ದ್ರ್’, ಉತ್ತರ, ಎಂದೇ ಬಿಡಿಸುತ್ತಾರೆ. ಈ ಹೆಸರು ಮೊದಲು ಸಂದದ್ದು ನೆಲಕ್ಕಲ್ಲ, ದಡದುದ್ದಕ್ಕೂ ದ್ವೀಪಗಳ ಮರೆಯಲ್ಲಿ ಸಾಗುವ ಹಡಗುದಾರಿಗೆ ಎಂಬುದು ನನ್ನ ವಾದ. ಸುಮಾರು 890ರಲ್ಲಿ ಉತ್ತರ ನಾರ್ವೆಯ ಹೋಲೊಗಲಂಡಿನ ಒತ್ತರ್ ಎಂಬ ವರ್ತಕ ಇಂಗ್ಲೆಂಡಿನ ದೊರೆ ಆಲ್ಫ್ರೆಡ್‌ಗೆ ತನ್ನ ಪಯಣದ ವಿವರ ಹೇಳಿದ್ದು ಹಳೆಯ ಇಂಗ್ಲಿಷಿನಲ್ಲಿ ದಾಖಲಾಗಿದೆ. ಅವನ ಪ್ರಕಾರ, ದಿನವೂ ಗಾಳಿ ಅನುಕೂಲವಾಗಿದ್ದರೂ ರಾತ್ರಿ ತಂಗುತ್ತ ಹೋದರೆ ದಕ್ಷಿಣದ ಪೇಟೆ ಮುಟ್ಟಲು ತಿಂಗಳು ಸಾಲದು. ಅಷ್ಟು ದೂರವೂ ಹಡಗಿನ ಎಡಕ್ಕೆ ‘ನೊರ್ದ್‌ವೆಗ್’ ಇರುತ್ತದೆ. ದಾರಿಯ ಹೆಸರು ಪಕ್ಕದ ನೆಲಕ್ಕೆ ಹತ್ತಿಕೊಂಡ ಕಾಲ ಅದು. ನಮ್ಮ ‘ದಕ್ಷಿಣಾಪಥ’ವೂ ಹೀಗೆಯೇ ಹಾದಿಯಿಂದ ನಾಡಾದ ಹೆಸರು.

ಮೊದಲರ್ಧವನ್ನು ‘ಉತ್ತರ’ ಎಂದು ಬಿಡಿಸುವುದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಸುಮಾರು 965ರ ಯೆಲ್ಲಿಂಗ್ ಶಿಲಾಶಾಸನದಲ್ಲಿ ಡೆನ್ಮಾರ್ಕಿನ ದೊರೆ ಹರಾಲ್ಡ್ ನೀಲಿಹಲ್ಲ ತಾನು ಗೆದ್ದ ನಾಡುಗಳಲ್ಲಿ ನಾರ್ವೆಯನ್ನೂ ಹೆಸರಿಸಿದ್ದಾನೆ. ಅಲ್ಲಿನ ರೂಪದಲ್ಲಿ ‘ನೊರ್ದ್ರ್’ನ ‘ದ್’ ಇಲ್ಲ. ಹಾಗಾಗಿ ಮೂಲಪದ ‘ನೋರ್’, ಇಕ್ಕಟ್ಟಾದ ಜಲಸಂಧಿ, ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಆದರೆ ‘ದ್’ ಇರುವ ಇಂಗ್ಲಿಷ್ ರೂಪ ಆ ಕಲ್ಲಿಗಿಂತ ಹಳೆಯದು, ಮತ್ತು ಮೂರು ವ್ಯಂಜನ ಒತ್ತೊತ್ತಾಗಿ ಬಂದಾಗ ನಡುವಿನದು ಬಿದ್ದುಹೋಗುವುದು ಸಹಜ. ಇಂಗ್ಲಿಷ್ ಲಿಪಿಕಾರನೇ ತನಗೆ ತಿಳಿದ ‘ಉತ್ತರ’ವನ್ನು ತುರುಕಿರಬಹುದಲ್ಲ ಎಂದರೆ, ನೋರ್ಸ್ ಜನರೇ ಬಾಲ್ಟಿಕ್ ಕಡೆಯನ್ನು ‘ಔಸ್ತ್ರ್‌ವೆಗ್ರ್’, ಪೂರ್ವದ ದಾರಿ, ಎಂದೂ ಬ್ರಿಟಿಷ್ ದ್ವೀಪಗಳ ಕಡೆಯನ್ನು ಪಶ್ಚಿಮದ ದಾರಿ ಎಂದೂ ಕರೆಯುತ್ತಿದ್ದುದನ್ನು ನೆನೆಯಬೇಕು. ಆ ಸಾಲಿನಲ್ಲಿ ಉತ್ತರದ ದಾರಿ ತಾನಾಗಿ ಕೂರುತ್ತದೆ. ‘ನೋರ್’ ಪಕ್ಷವೇ ಗೆದ್ದರೂ ‘ವೆಗ್ರ್’ ಕದಲುವುದಿಲ್ಲ: ಜಲಸಂಧಿಗಳ ದಾರಿ ಕೂಡ ಹಡಗಿನದೇ. ನಾರ್ವೆಯ ದೊರೆ ಸುಂದರಕೇಶಿ ಹರಾಲ್ಡನ ಅರಮನೆಯಿತ್ತೆಂದು ಹಳೆಯ ನೋರ್ಸ್ ಕಥನಗಳಾದ ಸಾಗಾಗಳು ಹೇಳುವ ಅವಲ್ಡ್ಸ್‌ನೆಸ್ ಇರುವುದು ಕಾರ್ಮ್‌ಸುಂದ್ ಜಲಸಂಧಿಯ ಅಂಚಿನಲ್ಲಿ. ಅಲ್ಲಿ ಕೂತವನ ಕಣ್ತಪ್ಪಿಸಿ ಹಡಗು ಹಾಯುವುದು ಕಷ್ಟ.

ತಮ್ಮ ನೆಲವನ್ನು ತಾವೇ ‘ಉತ್ತರ’ ಎನ್ನುವವರು ಯಾರು ಎಂಬ ಪ್ರಶ್ನೆಯೂ ಉಂಟು. ಇದು ನನ್ನ ವಾದವನ್ನು ಬಲಪಡಿಸುತ್ತದೆ ಎಂದೇ ನನಗನ್ನಿಸುವುದು. ಅಲ್ಲಿನ ರೈತ ಬದುಕಿದ್ದು ರೋಗಲಂಡಿನಲ್ಲಿ, ಹೋರ್ಡಲಂಡಿನಲ್ಲಿ, ಟ್ರೋಂಡೆಲಾಗಿನಲ್ಲಿ, ಅಂದರೆ ತನ್ನ ತನ್ನ ಪ್ರಾಂತ್ಯದಲ್ಲಿ. ಇಡೀ ಕರಾವಳಿಗೆ ಒಂದೇ ಹೆಸರು ಬೇಕಾದದ್ದು ಅದರುದ್ದಕ್ಕೂ ಹಾಯಿ ಬಿಚ್ಚಿ ದಕ್ಷಿಣದಿಂದ ಬಡಗಕ್ಕೆ ಹೊರಟವರಿಗೆ.