ಸುಶ್ರುತಸಂಹಿತೆಯ ದಂತಮೂಲ ಶಸ್ತ್ರಚಿಕಿತ್ಸೆ

ಸುಶ್ರುತನು ದಂತಮೂಲದ ರೋಗಗಳನ್ನು 15 ಎಂದು ಎಣಿಸಿದ್ದಾನೆ. ಅವುಗಳಲ್ಲಿ ದಂತವೇಷ್ಟವೆಂಬುದು ಒಸಡಿನಿಂದ ಕೀವು ನೆತ್ತರುಗಳು ಸುರಿದು ಹಲ್ಲುಗಳು ಅಲುಗಾಡುವ ವ್ಯಾಧಿ. ಇದೇ ಇಂದಿನ ಪಯೋರಿಯಾ ರೋಗವೆಂದು ನಿರ್ಧರಿಸಿ, ಈಗಿನ ಒಸಡಿನ ಶಸ್ತ್ರಚಿಕಿತ್ಸೆಯೂ ಸಂಹಿತೆಯಲ್ಲಿಯೇ ಇದೆಯೆಂದು ಹೇಳುವುದುಂಟು. ಲಕ್ಷಣಗಳು ಹೊಂದುವುವು, ದಿಟ, ಚಿಕಿತ್ಸೆಯು ಹೊಂದುವುದಿಲ್ಲ. ದಂತವೇಷ್ಟಕ್ಕೆ ವಿಧಿಸಿರುವುದು ರಕ್ತವನ್ನು ಹರಿಯಿಸಿ, ಲೋಧ್ರ, ಅತಿಮಧುರ, ಅರಗು ಮೊದಲಾದವುಗಳ ಚೂರ್ಣವನ್ನು ಜೇನಿನಲ್ಲಿ ಕಲಸಿ ತಿಕ್ಕುವುದು.

ಶಸ್ತ್ರಕರ್ಮವು ಎಲುಬಿನವರೆಗೆ ಹೋಗುವುದು ದಂತನಾಡಿಯ ಪ್ರಕರಣದಲ್ಲಿ. ಯಾವ ಹಲ್ಲನ್ನು ಆಶ್ರಯಿಸಿ ನಾಡಿಯು, ಎಂದರೆ ಕೀವಿನ ದಾರಿಯು, ಹುಟ್ಟಿದೆಯೋ ಆ ಹಲ್ಲನ್ನು ಕಿತ್ತು, ಮಾಂಸವನ್ನು ಛೇದಿಸಿ ಶೋಧಿಸಿ, ಕ್ಷಾರದಿಂದಾಗಲಿ ಅಗ್ನಿಯಿಂದಾಗಲಿ ಸುಡಬೇಕು. ಉಪೇಕ್ಷಿಸಿದರೆ ನಾಡಿಯು ದವಡೆಯ ಎಲುಬನ್ನೇ ಭೇದಿಸುವುದು; ಆದುದರಿಂದ ಹಲ್ಲಿನೊಡನೆ ಭಗ್ನಾಸ್ಥಿಯನ್ನೂ ತೆಗೆಯಬೇಕು. ಮೇಲಿನ ಹಲ್ಲನ್ನು ಮಾತ್ರ, ಅದು ಅಲುಗಾಡುತ್ತಿದ್ದರೂ, ಕೀಳಲಾಗದು. ಅತಿಯಾದ ರಕ್ತಸ್ರಾವದಿಂದ ಕುರುಡು, ಅರ್ದಿತಗಳು ಬಂದಾವೆಂಬ ಭಯ. ಶಸ್ತ್ರ ಹಿಡಿದು ಕಂಡವನ ಎಚ್ಚರಿಕೆಯಿದು.

ಹಲ್ಲನ್ನು ಉಳಿಸಿಕೊಂಡು ಎಲುಬನ್ನು ತೆರೆದು ಚಿಕಿತ್ಸೆ ಮಾಡುವ ವಿಧಾನದ ಹಿನ್ನೆಲೆಯೇ ಬೇರೆ. ಸ್ವೀಡನ್ನಿನ ಲಿಯೊನಾರ್ಡ್ ವಿಡ್‌ಮನ್ 1918ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಒಸಡನ್ನು ಕೊಯ್ದು ಮೇಲೆತ್ತಿ, ಬೇರುಗಳನ್ನು ಶೋಧಿಸಿ, ಎಲುಬನ್ನು ಸರಿಪಡಿಸಿ, ಮತ್ತೆ ಹೊಲಿಯುವುದುಂಟು. ಆ ಕಾಲದಲ್ಲಿಯೂ ಎಲುಬು ಕೊಳೆತಿದೆಯೆಂದೇ ಭಾವಿಸಿ ಕೆರೆಯುವವರಿದ್ದರು. ಅದು ಕೊಳೆತುದಲ್ಲ, ಕರಗಿ ಕುಗ್ಗಿದುದು ಎಂಬುದನ್ನು 1935ರಲ್ಲಿ ರುಡಾಲ್ಫ್ ಕ್ರಾನ್‌ಫೆಲ್ಡ್ ತೋರಿಸಿದನು. ಸಂಹಿತೆಯ ಭಗ್ನಾಸ್ಥಿಯನ್ನು ಈ ಕ್ಷಯವೆಂದು ಅರ್ಥಮಾಡುವುದಕ್ಕೆ ದಂತನಾಡಿಯ ಪ್ರಕರಣದಲ್ಲಿ ಆಧಾರವಿಲ್ಲ.