ಸುಡಾನ್ ಅಂತರ್ಯುದ್ಧ: ಶುರುವಾದದ್ದು ಹೇಗೆ, ನಿಲ್ಲದಿರುವುದು ಯಾಕೆ?

2023ರ ಏಪ್ರಿಲ್‌ನಲ್ಲಿ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಸುಡಾನ್‌ನಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಗಿಡಮೂಲಿಕೆ, ಕೂದಲೆಣ್ಣೆ ಮಾರಲು ಹೋದವರು ಅವರು. ಇಲ್ಲಿ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನಲ್ಲೂ ಆಗ ನಾವು ಕನ್ನಡದವರು ಸೇರಿದಾಗ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಯಾರು ಯಾರ ಜೊತೆ ಹೊಡೆದಾಡ್ತಿದ್ದಾರೆ?" ಜೆಡ್ಡಾದಲ್ಲಿರುವವರಿಗೆ ಸುಡಾನ್ ಅಂದರೆ ಸಮುದ್ರದ ಆಚೆ ದಡ. ಹಾಗಾಗಿ ಈ ಯುದ್ಧದ ಕಥೆ ಗಲ್ಫ್‌ನಲ್ಲಿರುವ ನಮ್ಮವರಿಗೆ ಗೊತ್ತಿರಲೇಬೇಕು.

ಹಿನ್ನೆಲೆ

ಸುಡಾನ್ ಸ್ವತಂತ್ರವಾದದ್ದು 1956ರ ಜನವರಿ 1ರಂದು. 1989ರಲ್ಲಿ ಸೇನಾಧಿಕಾರಿ ಒಮರ್ ಅಲ್ ಬಶೀರ್ ಅಧಿಕಾರ ಕಿತ್ತುಕೊಂಡರು. 2003ರಲ್ಲಿ ಪಶ್ಚಿಮದ ದಾರ್ಫುರ್‌ನಲ್ಲಿ ಬಂಡಾಯ ಎದ್ದಾಗ, ಅದನ್ನು ಅಡಗಿಸಲು ಸರ್ಕಾರ 'ಜಂಜಾವೀದ್' ಎಂಬ ಬುಡಕಟ್ಟು ಪಡೆಗಳಿಗೆ ಬಂದೂಕು ಕೊಟ್ಟಿತು. 2013ರಲ್ಲಿ ಆ ಪಡೆಗಳೇ ಆರ್‌ಎಸ್‌ಎಫ್ ಎಂಬ ಅಧಿಕೃತ ಹೆಸರು ಪಡೆದವು. ನಾಯಕ ಮೊಹಮ್ಮದ್ ಹಮ್ದಾನ್ ದಗಲೊ, ಜನರ ಬಾಯಲ್ಲಿ 'ಹೆಮೆಟಿ'.

2011ರಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ತೈಲದ ಮುಕ್ಕಾಲು ಪಾಲು ಅದರ ಜೊತೆ ಹೋಯಿತು. ಬೊಕ್ಕಸ ಬರಿದಾಗಿ ಬ್ರೆಡ್ ಬೆಲೆ ಏರಿತು, ಜನ ಬೀದಿಗಿಳಿದರು. 2019ರ ಏಪ್ರಿಲ್‌ನಲ್ಲಿ ಬಶೀರ್ ಪತನವಾಯಿತು. 2021ರ ಅಕ್ಟೋಬರ್‌ನಲ್ಲಿ ಸೇನಾ ಮುಖ್ಯಸ್ಥ ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್ ಮತ್ತು ಹೆಮೆಟಿ ಸೇರಿ ಹಂಗಾಮಿ ಸರ್ಕಾರವನ್ನೂ ಕಿತ್ತುಹಾಕಿದರು.

ಕೊನೆಗೆ ಜಗಳ ಇವರಿಬ್ಬರ ನಡುವೆಯೇ ಬಂತು. ಆರ್‌ಎಸ್‌ಎಫ್ ಎರಡು ವರ್ಷದಲ್ಲಿ ಸೇನೆಯೊಳಗೆ ಸೇರಬೇಕು ಎಂದು ಸೇನೆ, ಹತ್ತು ವರ್ಷ ಬೇಕು ಎಂದು ಹೆಮೆಟಿ. 2023ರ ಏಪ್ರಿಲ್ 15ರಂದು ಖಾರ್ಟೂಮ್‌ನಲ್ಲಿ ಗುಂಡು ಹಾರಿತು.

ದುಡ್ಡು ಎಲ್ಲಿಂದ?

ನಾನು ಅಕೌಂಟೆಂಟ್. ಯಾವ ಯುದ್ಧವನ್ನು ನೋಡಿದರೂ ಮೊದಲು ಹುಡುಕುವುದು ಖರ್ಚು ಭರಿಸುವವರು ಯಾರು ಅಂತ. ಹೆಮೆಟಿಯ ಹಿಡಿತದಲ್ಲಿ ದಾರ್ಫುರ್‌ನ ಚಿನ್ನದ ಗಣಿಗಳಿದ್ದವು. ಯೆಮನ್ ಯುದ್ಧಕ್ಕೆ ಸೌದಿ ನೇತೃತ್ವದ ಒಕ್ಕೂಟದ ಪರವಾಗಿ ಆಳುಗಳನ್ನು ಕಳಿಸಿಯೂ ಅವರು ಹಣ ಮಾಡಿದರು. ಯುಎಇಯಿಂದ ಆರ್‌ಎಸ್‌ಎಫ್‌ಗೆ ಶಸ್ತ್ರ ಹೋಗುತ್ತಿದೆ ಎಂಬ ಆರೋಪಗಳು ನಂಬುವಂತಿವೆ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರಲ್ಲಿ ಹೇಳಿತು. ಯುಎಇ ಇದನ್ನು ನಿರಾಕರಿಸುತ್ತಲೇ ಬಂದಿದೆ. ಇತ್ತ ಸೇನೆಯ ಬೆನ್ನಿಗೆ ಈಜಿಪ್ಟ್ ನಿಂತಿದೆ, ಇರಾನಿನ ಡ್ರೋನ್‌ಗಳೂ ಬಂದಿವೆ ಎಂಬ ವರದಿಗಳಿವೆ. ರಷ್ಯಾದ ವ್ಯಾಗ್ನರ್ ಪಡೆ ಮೊದಲು ಆರ್‌ಎಸ್‌ಎಫ್‌ಗೆ ಹತ್ತಿರವಿತ್ತು, ಆಮೇಲೆ ರಷ್ಯಾ ಸೇನೆಯತ್ತ ವಾಲಿತು. 2023ರ ಮೇನಲ್ಲಿ ಸೌದಿ ಮತ್ತು ಅಮೆರಿಕ ಜೆಡ್ಡಾದಲ್ಲಿ ಮಾತುಕತೆ ನಡೆಸಿದವು, ಕದನವಿರಾಮ ನಿಲ್ಲಲಿಲ್ಲ. ಎರಡೂ ಕಡೆಗೆ ಹೊರಗಿನಿಂದ ಸಪ್ಲೈ ಇರುವಾಗ ಯಾರಿಗೂ ರಾಜಿಯ ಅವಸರ ಇರುವುದಿಲ್ಲ.

ಆಪರೇಷನ್ ಕಾವೇರಿ

ಭಾರತ ತನ್ನವರನ್ನು ಕರೆತರಲು ನಡೆಸಿದ ಕಾರ್ಯಾಚರಣೆಗೆ ನಮ್ಮ ನದಿಯದೇ ಹೆಸರು. ಜನರನ್ನು ಬಸ್ಸಿನಲ್ಲಿ ಪೋರ್ಟ್ ಸುಡಾನ್‌ಗೆ, ಅಲ್ಲಿಂದ ಹಡಗು ಮತ್ತು ವಾಯುಪಡೆ ವಿಮಾನದಲ್ಲಿ ಜೆಡ್ಡಾಕ್ಕೆ, ಆಮೇಲೆ ಊರಿಗೆ ಕರೆತಂದರು. ಐಎನ್‌ಎಸ್ ಸುಮೇಧಾದ ಮೊದಲ ತಂಡದಲ್ಲಿ 278 ಜನ. ಮೇ 5ರ ಹೊತ್ತಿಗೆ ಒಟ್ಟು 3,862 ಜನ ಪಾರಾದರು.

ಹಕ್ಕಿಪಿಕ್ಕಿಗಳಲ್ಲಿ ಹಲವರು ಇದ್ದದ್ದು ದಾರ್ಫುರ್‌ನ ಎಲ್ ಫಾಶರ್‌ನಲ್ಲಿ. ಅದೇ ಊರನ್ನು ಆರ್‌ಎಸ್‌ಎಫ್ ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆ ಹಾಕಿ 2025ರ ಅಕ್ಟೋಬರ್ 26ರಂದು ಹಿಡಿಯಿತು, ಸಾಮೂಹಿಕ ಹತ್ಯೆಗಳು ನಡೆದವು. ಪಕ್ಕದ ಝಮ್‌ಝಮ್ ಶಿಬಿರದಲ್ಲಿ 2024ರಲ್ಲೇ ಕ್ಷಾಮ ದೃಢಪಟ್ಟಿತ್ತು. ನಮ್ಮವರಿಗೆ ಹಡಗು ಬಂತು, ಅಲ್ಲಿನವರಿಗೆ ಬರಲಿಲ್ಲ. ಮನೆ ಬಿಟ್ಟವರು ಒಂದು ಕೋಟಿಗೂ ಹೆಚ್ಚು.

ನಮಗೆ ತಿಳಿದಿರಬೇಕಾದ್ದು

ಇಸಿಆರ್ ಪಾಸ್‌ಪೋರ್ಟ್ ಇರುವವರು ಕೆಲಸಕ್ಕೆ ಹೋಗುವ ಮುನ್ನ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಬೇಕಾದ ದೇಶಗಳ ಪಟ್ಟಿಯಲ್ಲಿ ಸುಡಾನ್ ಕೂಡ ಇದೆ. ಅದಿಲ್ಲದೆ ವಿಸಿಟ್ ವೀಸಾದಲ್ಲಿ ಹೋದವರ ಹೆಸರು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಯಾವ ದೇಶಕ್ಕೇ ಹೋಗಿ, ತಲುಪಿದ ಕೂಡಲೇ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಪಾಸ್‌ಪೋರ್ಟ್, ವೀಸಾದ ಫೋಟೋ ಊರಿನ ಮನೆಯವರ ಫೋನಿನಲ್ಲೂ ಇರಲಿ. ಕೈಯಲ್ಲಿ ಒಂದಿಷ್ಟು ನಗದೂ ಇರಲಿ. ಯುದ್ಧ ಶುರುವಾದರೆ ಬ್ಯಾಂಕು, ನೆಟ್‌ವರ್ಕು ಎರಡೂ ಮೊದಲ ವಾರದಲ್ಲೇ ಕೈಕೊಡಬಹುದು.